ಎದೆ ನಡುಕಕ್ಕೆ ಕ್ರೋಶಾ ಕಡ್ಡಿಯೇ?

ಪತ್ರಿಕೆಗಳ ಮಹಿಳಾ ಪುರವಣಿ, ಟೀವಿಯ ಮಧ್ಯಾಹ್ನದ ಕಾರ್ಯಕ್ರಮ, ಇನ್‌ಸ್ಟಾಗ್ರಾಮಿನ ಸಲಹೆಗಾರ್ತಿಯರು, ಕಂಪನಿಗಳ ಎಚ್‌ಆರ್ ವಿಭಾಗ, ಮನೆಯ ಅತ್ತೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಇಷ್ಟು ಜನ ಒಂದೇ ಮಾತಿಗೆ ತಲೆಯಾಡಿಸುವುದು ನಮ್ಮಲ್ಲಿ ಅಪರೂಪ. ಆದರೆ ಹೆಣ್ಣುಮಕ್ಕಳ ಆತಂಕಕ್ಕೆ ಕ್ರೋಶಾ ಮದ್ದು ಎಂಬ ವಿಷಯದಲ್ಲಿ ಎಲ್ಲರದೂ ಒಂದೇ ರಾಗ. ಎದೆ ಡವಗುಟ್ಟುತ್ತದೆಯೇ? ನಡುರಾತ್ರಿ ಬೆವತು ಎದ್ದು ಕೂರುತ್ತೀರಾ? ಬಸ್ಸು ಹತ್ತಬೇಕೆಂದರೆ ಕಾಲೇ ಏಳುವುದಿಲ್ಲವೇ? ಚಿಂತೆ ಬೇಡ. ಒಂದು ಕ್ರೋಶಾ ಕಡ್ಡಿ, ನಾಲ್ಕು ಬಣ್ಣದ ಉಲ್ಲನ್ ತಂದು ಹೊದಿಕೆಯೊಂದನ್ನು ಶುರು ಮಾಡಿ. ಹೊದಿಕೆ ಮುಗಿಯುವಷ್ಟರಲ್ಲಿ ಆತಂಕವೂ ಮುಗಿದಿರುತ್ತದೆ.

ಎಷ್ಟು ಮುದ್ದಾದ ಮಾತು! ಖರ್ಚು ಕಡಿಮೆ, ಡಾಕ್ಟರ ಹಂಗಿಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಿಲ್ಲ, ಕೊನೆಗೆ ಮನೆಗೊಂದು ಹೊದಿಕೆ ಬೇರೆ. ಇಷ್ಟು ಮುದ್ದಾಗಿರುವುದರಿಂದಲೇ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಈ ಸಲಹೆ ಕಾಯಿಲೆಯನ್ನು ಮುಚ್ಚಿಡುತ್ತದೆ, ಚಿಕಿತ್ಸೆಯನ್ನು ಮುಂದೂಡುತ್ತದೆ, ಗುಣವಾಗದಿದ್ದರೆ ತಪ್ಪನ್ನು ಕಾಯಿಲೆಯವಳ ತಲೆಗೇ ಕಟ್ಟುತ್ತದೆ. ಇಷ್ಟೆಲ್ಲ ಮಾಡಿಯೂ ಅದು ಕಾಳಜಿ ಅನ್ನಿಸಿಕೊಳ್ಳುತ್ತದೆ.

ಕಡ್ಡಿ ಹಿಡಿಯಲು ಬಾರದವಳ ಹೊಟ್ಟೆಕಿಚ್ಚು ಇದು ಎಂದು ಯಾರೂ ತಿಳಿಯಬಾರದು. ಧಾರವಾಡದ ಕಡೆಯ ನಮ್ಮಂಥ ಮನೆಗಳಲ್ಲಿ ಒಂದು ಕಾಲಕ್ಕೆ ಕ್ರೋಶಾ ಹೊದಿಸದ ವಸ್ತುವೇ ಇರಲಿಲ್ಲ. ಬಾಗಿಲಿಗೆ ತೋರಣ, ಟೀವಿಗೆ ಮುಸುಕು, ಆರತಿ ತಟ್ಟೆಗೆ ರುಮಾಲು, ಕೂಸಿಗೆ ಕುಲಾವಿ. ನನಗೂ ಆ ಕಡ್ಡಿ ಕೈಗೆ ಹತ್ತಿದ್ದು ಹಾಗೆಯೇ. ಚೌಕ ಹೆಣೆಯುವಾಗಿನ ಸುಖ ನನಗೆ ಗೊತ್ತು: ಮೂರು ಕಂಬ, ಒಂದು ಸರಪಳಿ, ಮತ್ತೆ ಮೂರು ಕಂಬ, ಮೂಲೆಗೆ ಬಂದಾಗ ಒಂದೇ ಕಿಂಡಿಯಲ್ಲಿ ಎರಡು ಗುಂಪು ಹಾಕಿ ತಿರುಗಬೇಕು. ಲೆಕ್ಕ ತಪ್ಪಿದರೆ ದಾರ ಜಗ್ಗಿದರೆ ಸಾಕು, ಸರ್ರನೆ ಬಿಚ್ಚಿಕೊಂಡು ಮೊದಲಿನ ಜಾಗಕ್ಕೆ ಬರುತ್ತದೆ. ಬದುಕಿನಲ್ಲಿ ಇಂಥ ಸವಲತ್ತು ಬೇರೆಲ್ಲಿದೆ? ಹಾಗೆ ಕೂತಾಗ ಉಸಿರು ಒಂದು ಹದಕ್ಕೆ ಬರುತ್ತದೆ, ತಲೆಯೊಳಗಿನ ಗದ್ದಲ ಸ್ವಲ್ಪ ಹೊತ್ತು ತಗ್ಗುತ್ತದೆ. ಆ ನೆಮ್ಮದಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅದನ್ನು ಔಷಧಿಯ ಜಾಗದಲ್ಲಿ ತಂದು ಕೂರಿಸುವವರ ಮೇಲೆ ನನ್ನ ಸಿಟ್ಟು.

ವಿಜ್ಞಾನವೇ ಹೇಳಿದೆಯಲ್ಲ ಎಂಬ ಮಾತು ಈಗ ಹೊಸದಾಗಿ ಸೇರಿಕೊಂಡಿದೆ. ಏನು ಹೇಳಿದೆ, ನೋಡೋಣ. ಎರಡು ಸಮೀಕ್ಷೆಗಳ ಹೆಸರು ಎಲ್ಲೆಡೆ ಓಡಾಡುತ್ತದೆ. ಒಂದು, ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವವರ ಬಗ್ಗೆ 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯೊಂದರಲ್ಲಿ ಬಂದದ್ದು. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಅಂತರ್ಜಾಲದಲ್ಲಿ ಉತ್ತರಿಸಿದ್ದರು. ಇನ್ನೊಂದು, ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2020ರಲ್ಲಿ ಪ್ರಕಟಿಸಿದ ಕ್ರೋಶಾ ಸಮೀಕ್ಷೆ. ಅದಕ್ಕೆ ಉತ್ತರಿಸಿದವರು 8,391 ಮಂದಿ, ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಅವರಲ್ಲಿ ಶೇ. 89.5ರಷ್ಟು ಜನ ಕ್ರೋಶಾ ಹೆಣೆದರೆ ಮನಸ್ಸು ಶಾಂತವಾಗುತ್ತದೆ ಎಂದರು. ನೂರಕ್ಕೆ ತೊಂಬತ್ತು! ತಲೆಬರಹಕ್ಕೆ ಇನ್ನೇನು ಬೇಕು?

ಆದರೆ ಉತ್ತರಿಸಿದವರು ಯಾರು? ಆಗಲೇ ಕ್ರೋಶಾ ಹಿಡಿದು, ಅದನ್ನು ಪ್ರೀತಿಸಿ, ಅದರ ಬಗ್ಗೆ ಪ್ರಶ್ನೆ ಬಂದರೆ ಸಂತೋಷದಿಂದ ಅರ್ಜಿ ತುಂಬುವವರು. ಕಾಫಿ ಹೋಟೆಲಿನೊಳಗೆ ಕೂತವರನ್ನು ಮಾತಾಡಿಸಿ, ಕಾಫಿ ಕುಡಿದರೆ ಗೆಲುವಾಗುತ್ತದೆಯೇ ಎಂದು ಕೇಳಿದ ಹಾಗಾಯಿತು. ನಾಲ್ಕು ಸಾಲು ಹೆಣೆದು, ಲೆಕ್ಕ ತಪ್ಪಿ, ಮಣಿಕಟ್ಟು ನೋಯಿಸಿಕೊಂಡು, ಕಡ್ಡಿ ಬಿಸಾಕಿದವಳು ಈ ಲೆಕ್ಕದಲ್ಲಿ ಎಲ್ಲಿದ್ದಾಳೆ? ಕಡ್ಡಿ ಹಿಡಿದರೂ ಎದೆ ನಡುಕ ನಿಲ್ಲದೆ ಆಸ್ಪತ್ರೆ ಸೇರಿದವಳು? ಹೋಲಿಸಿ ನೋಡಲು ಕ್ರೋಶಾ ಇಲ್ಲದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಶಾಂತವಾಗುತ್ತದೆ ಎಂದವರಲ್ಲಿ ಆತಂಕದ ಕಾಯಿಲೆ ವಾಸಿಯಾಯಿತೇ ಎಂದು ಯಾರೂ ಅಳೆದು ನೋಡಲಿಲ್ಲ, ಅದು ಅಂಥ ಅಧ್ಯಯನವೂ ಅಲ್ಲ. ಹೆಣೆಯುವವರು ತಮ್ಮ ಹವ್ಯಾಸದ ಬಗ್ಗೆ ಏನು ಹೇಳುತ್ತಾರೆ ಎಂದು ತಿಳಿಯುವುದಕ್ಕೆ ಮಾಡಿದ ಸಮೀಕ್ಷೆಯನ್ನು ಔಷಧ ಚೀಟಿಯನ್ನಾಗಿ ಮಾಡಿದ್ದು ನಮ್ಮ ತಲೆಬರಹಗಳು.

ಇನ್ನು ಕಾಯಿಲೆಯ ವಿಷಯಕ್ಕೆ ಬರೋಣ, ಏಕೆಂದರೆ ಈ ಸಲಹೆ ಕೊಡುವವರು ಅದರ ಹತ್ತಿರವೂ ಸುಳಿಯುವುದಿಲ್ಲ. ನಾಳೆ ಮಗಳ ಪರೀಕ್ಷೆ, ಇವತ್ತು ಹೊಟ್ಟೆಯಲ್ಲಿ ಸಂಕಟ. ಇದು ಯಾರಿಗೂ ಆಗುವಂಥದ್ದು, ಇದಕ್ಕೆ ಕ್ರೋಶಾನೂ ಆದೀತು, ದೇವರ ನಾಮವೂ ಆದೀತು, ಗೆಳತಿಯ ಜೊತೆ ಹರಟೆಯೂ ಆದೀತು. ಆದರೆ ತಿಂಗಳುಗಟ್ಟಲೆ ಕಾರಣವಿಲ್ಲದ ದಿಗಿಲು, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಇನ್ನೇನು ಸತ್ತೇ ಹೋದೆ ಅನ್ನಿಸುವ ಪ್ಯಾನಿಕ್, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಇಪ್ಪತ್ತು ಸಲ ಎದ್ದು ಹೋಗಿ ನೋಡುವ ಗೀಳು, ಇವು ಬೇರೆ. ಇವಕ್ಕೆ ಹೆಸರಿದೆ, ಲಕ್ಷಣಗಳಿವೆ, ಪರೀಕ್ಷಿಸಿ ನೋಡಿದ ಚಿಕಿತ್ಸೆಯಿದೆ. ಅದಕ್ಕೂ ಮೊದಲು ಇನ್ನೊಂದು ಸರಳ ಸಂಗತಿಯಿದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಎದೆ ಓಡುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಹಾರಿಹೋಗುತ್ತದೆ. ರಕ್ತಹೀನತೆಯಿದ್ದರೂ ಎದೆ ಡವಗುಟ್ಟುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಸಂಗತಿ ಇದು. ಆ ನಡುಗುವ ಕೈಗೆ ಕಡ್ಡಿ ಕೊಟ್ಟು ಕೂರಿಸಿದರೆ ಥೈರಾಯ್ಡ್ ಸುಮ್ಮನಾಗುವುದೇ? ಹಿಮೋಗ್ಲೋಬಿನ್ ಏರುವುದೇ?

ಗಂಡಸರ ವಿಷಯದಲ್ಲಿ ಮಾತ್ರ ನಮಗೆ ಈ ವಿವೇಕ ತಾನಾಗಿಯೇ ಹೊಳೆಯುತ್ತದೆ. ಆಫೀಸಿನಿಂದ ಬಂದ ಗಂಡ ಎದೆ ಹಿಡಿದುಕೊಂಡು ಸೋಫಾದ ಮೇಲೆ ಕೂತರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಆಟೋ ಬರುತ್ತದೆ, ಇಸಿಜಿ ಆಗುತ್ತದೆ, ಎಕೋ ಆಗುತ್ತದೆ. ಹೃದಯದಲ್ಲಿ ತೊಂದರೆಯಿಲ್ಲ, ಇದು ಆತಂಕದ್ದು ಎಂದು ಡಾಕ್ಟರು ಹೇಳಿದ ಮೇಲೂ ಎರಡನೆಯ ಅಭಿಪ್ರಾಯಕ್ಕೆ ಓಡುತ್ತಾರೆ. ಅವನಿಗೆ ಯಾರಾದರೂ, ಒಂದು ಹೊದಿಕೆ ಹೆಣೆಯಪ್ಪಾ, ಸರಿಹೋಗುತ್ತೆ ಅಂದದ್ದನ್ನು ನೀವು ಕೇಳಿದ್ದೀರಾ? ಗಂಡಸಿನ ಎದೆ ಡವಗುಟ್ಟಿದರೆ ಇಸಿಜಿ, ಹೆಂಗಸಿನ ಎದೆ ಡವಗುಟ್ಟಿದರೆ ಉಲ್ಲನ್. ಇದಕ್ಕಿಂತ ನೇರವಾಗಿ ಈ ಸಲಹೆಯ ಬಣ್ಣ ಬಯಲಾಗಬೇಕೇ?

ಈ ಸಲಹೆ ಬರೀ ನಿರುಪಯೋಗಿ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೆಲವರಲ್ಲಿ ಅದು ಕಾಯಿಲೆಯನ್ನು ಸಾಕಿ ಬೆಳೆಸುತ್ತದೆ. ಆತಂಕದ ಒಂದು ಸ್ವಭಾವ ಮನೋವೈದ್ಯರಿಗೆ ಚೆನ್ನಾಗಿ ಗೊತ್ತು: ಹೆದರಿದ್ದರಿಂದ ತಪ್ಪಿಸಿಕೊಂಡಷ್ಟೂ ಹೆದರಿಕೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ರೋಗಿಯನ್ನು ಹಂತಹಂತವಾಗಿ ಅವಳು ಹೆದರುವ ಜಾಗಕ್ಕೇ ಕರೆದೊಯ್ಯುತ್ತಾರೆ. ಮೊದಲು ಬಸ್ ಸ್ಟಾಪಿನವರೆಗೆ, ಆಮೇಲೆ ಒಂದು ಸ್ಟಾಪು, ಆಮೇಲೆ ಊರ ತುದಿಯವರೆಗೆ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಂಡು ತಾನಾಗಿ ಇಳಿಯುತ್ತದೆ, ಏನೂ ಆಗಲಿಲ್ಲ ಎಂಬುದನ್ನು ದೇಹವೇ ಕಲಿಯುತ್ತದೆ. ಹೆದರಿಕೆ ಏರುವ ಹೊತ್ತಿಗೆ ಗಮನವನ್ನು ಬೇರೆಡೆ ಅಡಗಿಸುವ ಆಸರೆ ಇದ್ದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಕ್ರೋಶಾ ಕಡ್ಡಿ ಅಂಥ ಆಸರೆಯಾಗಬಲ್ಲದು, ಅದೂ ಊರೆಲ್ಲ ಮೆಚ್ಚುವ ಆಸರೆ.

ಯಾವುದಾದರೂ ಮಂಗಲ ಕಾರ್ಯಾಲಯದಲ್ಲಿ ಕಂಬದ ಮರೆಯ ಕುರ್ಚಿಯನ್ನೊಮ್ಮೆ ನೋಡಿ. ಅಲ್ಲೊಬ್ಬಳು ಚೀಲದಿಂದ ಉಲ್ಲನ್ ತೆಗೆದು ಹೆಣೆಯುತ್ತಿರುತ್ತಾಳೆ. ಅಕ್ಷತೆಗೆ ಏಳುವುದಿಲ್ಲ, ಊಟದ ಪಂಕ್ತಿಗೆ ಎಲ್ಲರೂ ಎದ್ದ ಮೇಲೆ ಹೋಗುತ್ತಾಳೆ, ಫೋಟೋಕ್ಕೆ ಕರೆದರೆ ಇದೊಂದು ಸಾಲು ಮುಗಿಸಿ ಬರ್ತೀನ್ರಿ ಅನ್ನುತ್ತಾಳೆ. ಆ ಸಾಲು ಮುಗಿಯುವುದೇ ಇಲ್ಲ. ಹಾದುಹೋಗುವವರು, "ಯವ್ವಾ, ಎಷ್ಟ್ ಛಂದ ಹೆಣದಾಳ ನೋಡ್ರಿ, ಕೈ ಸುಮ್ನ ಇರೂದೇ ಇಲ್ಲ" ಎಂದು ಹೊಗಳುತ್ತಾರೆ. ಆ ಕೈ ಏಕೆ ಸುಮ್ಮನಿರಲಾರದು ಎಂದು ಕೇಳುವವರಿಲ್ಲ. ಹತ್ತು ಜನರ ಮುಂದೆ ನಾಲಗೆ ಒಣಗುವ ಭಯ ಅವಳದು. ಅದಕ್ಕೆ ಚಿಕಿತ್ಸೆಯಿದೆ. ಹೊಗಳಿಕೆ ಸಿಕ್ಕಮೇಲೆ ಚಿಕಿತ್ಸೆ ಯಾರಿಗೆ ಬೇಕು?

ಗೀಳಿನ ಕಾಯಿಲೆಯವಳ ಕೈಗೆ ಕಡ್ಡಿ ಸಿಕ್ಕರೆ ಕಥೆ ಇನ್ನೂ ಬೇರೆ. ನಮ್ಮ ಓಣಿಯಲ್ಲೇ ಒಬ್ಬಾಕೆಯನ್ನು ಕಂಡಿದ್ದೇನೆ. ಹೊದಿಕೆಯ ಒಂದೊಂದು ಸಾಲನ್ನೂ ಬೆರಳಿನಲ್ಲಿ ಮುಟ್ಟಿ ಎಣಿಸುವುದು, ಎಲ್ಲೋ ಒಂದು ಕಂಬ ಹೆಚ್ಚಾಗಿದೆ ಅನ್ನಿಸುವುದು, ಬಿಚ್ಚುವುದು, ಮತ್ತೆ ಹಾಕುವುದು, ಮತ್ತೆ ಎಣಿಸುವುದು. ನಮ್ಮ ಕಣ್ಣಿಗೆ ಎಲ್ಲೂ ತಪ್ಪಿರುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೂ ಅಡುಗೆಮನೆಯ ದೀಪ ಉರಿಯುತ್ತಿತ್ತು. ಬಿಚ್ಚಿ ಬಿಚ್ಚಿ ಆ ಉಲ್ಲನ್ ಎಳೆ ನಾರಿನ ಹಾಗೆ ಸಿಬಿರೆದ್ದಿತ್ತು. ಮನೆಯವರು ಮಾತ್ರ, ಈಗ ಟೆನ್ಶನ್ ಕಮ್ಮಿ ಆಗಿದೆ, ಕ್ರೋಶಾದಲ್ಲೇ ಮುಳುಗಿರುತ್ತಾಳೆ ಎಂದು ಸಂತೋಷಪಟ್ಟರು. ಅವಳ ಕಾಯಿಲೆಗೆ ಹೊಸ ಕಸುಬೊಂದನ್ನು ಅವರೇ ಕೊಡಿಸಿದ್ದರು.

ಹೊದಿಕೆ ಅರ್ಧಕ್ಕೆ ನಿಂತಿತೋ, ಅಲ್ಲಿಗೆ ಇನ್ನೊಂದು ಅಪರಾಧಕ್ಕೆ ಸಾಕ್ಷಿ ಸಿಕ್ಕಿತು. ಎಷ್ಟು ಮನೆಗಳ ಕಪಾಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಇಂಥ ಮುಗಿಯದ ಹೊದಿಕೆ ಬಿದ್ದಿಲ್ಲ! ಮಂಚ ಮುಚ್ಚುವ ಹೊದಿಕೆಯೆಂದರೆ ಕಿಲೋಗಟ್ಟಲೆ ಉಲ್ಲನ್, ತಿಂಗಳುಗಟ್ಟಲೆ ಕೆಲಸ. ನಿದ್ದೆಯಿಲ್ಲದೆ, ಗಮನ ನಿಲ್ಲದೆ, ಜೀವ ಸೋತಿರುವವಳಿಗೆ ಇಷ್ಟು ದೊಡ್ಡ ಕೆಲಸ ಹಚ್ಚುವುದು ಯಾವ ಜಾಣತನ? ಬಿಟ್ಟರೆ, ಒಂದು ಹವ್ಯಾಸವನ್ನಾದರೂ ನೆಟ್ಟಗೆ ಮುಂದುವರಿಸಿದೆಯಾ ಎಂಬ ಮಾತು. ಕಾಯಿಲೆ ಅವಳದು, ಮದ್ದೂ ಅವಳೇ ತಯಾರಿಸಿಕೊಳ್ಳಬೇಕು, ವಾಸಿಯಾಗದಿದ್ದರೆ ಸೋಮಾರಿತನವೂ ಅವಳದೇ. ಮತ್ತೆ, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅಕ್ರಿಲಿಕ್ ಉಲ್ಲನ್ನಿನ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತು ನೋಡಿ, ಆತಂಕ ಹೋಗಲಿ, ಇದ್ದ ತಾಳ್ಮೆಯೂ ಹೋದೀತು. ಚಳಿ ದೇಶದವರ ಹವ್ಯಾಸವನ್ನು ಹಾಗೇ ಎತ್ತಿ ತಂದವರಿಗೆ ನಮ್ಮ ಬಿಸಿಲಿನ ನೆನಪಾದರೂ ಇರಬೇಡವೇ?

ಈ ಸಲಹೆಯ ಬೇರು ಇರುವುದು ಒಂದು ಹಳೆಯ ನಂಬಿಕೆಯಲ್ಲಿ: ಕೈ ಖಾಲಿ ಇದ್ದರೆ ಹೆಂಗಸಿನ ತಲೆ ಕೆಡುತ್ತದೆ. ಯಾರ ಕೈ ಖಾಲಿ ಇದೆ, ಸ್ವಾಮಿ? ಕೇಂದ್ರ ಸರ್ಕಾರವೇ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಈ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಹತ್ತಿರಹತ್ತಿರ ಐದು ತಾಸು ಪಾತ್ರೆ, ಬಟ್ಟೆ, ಒಲೆಯ ಮುಂದೆ ಕಳೆದವಳಿಗೆ ಕೈಕೆಲಸದ ಕೊರತೆಯೆಂದು ರೋಗ ಪತ್ತೆ ಮಾಡಿದ ಜಾಣರಿಗೆ ಏನೆನ್ನೋಣ?

ಒಂದೇ ತೆರನ ಕೈಕೆಲಸ, ಬೆರಳ ನಡುವೆ ಓಡುವ ದಾರ, ಇವೇ ಮನಸ್ಸನ್ನು ಶಾಂತಗೊಳಿಸುವುದಾದರೆ ಕರ್ನಾಟಕದ ಅತ್ಯಂತ ನೆಮ್ಮದಿಯ ಜೀವಗಳು ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿರಬೇಕಿತ್ತು. ಬೆಳಗಿನಿಂದ ಸಂಜೆಯವರೆಗೆ ಅದೇ ತೋಳು, ಅದೇ ಕಾಲರು, ಅದೇ ಹೊಲಿಗೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರೂ ದಿನವಿಡೀ ನೂಲನ್ನೇ ಸುತ್ತುತ್ತಾರೆ. ಅವರಿಗೆ ಬರುವುದು ಬೆನ್ನುನೋವು, ಟಾರ್ಗೆಟ್ಟಿನ ಚಿಂತೆ, ಸೂಪರ್‌ವೈಸರನ ಬೈಗುಳ. ಕ್ರೋಶಾ ಸಮಾಧಾನ ಕೊಡುವುದು ದಾರದ ಮಹಿಮೆಯಿಂದ ಎಂದು ಇನ್ನೂ ಹೇಳುತ್ತೀರಾ? ಅದನ್ನು ಹೆಣೆಯಲು ಕೂತವಳಿಗೆ ಆ ಹೊತ್ತಿನಲ್ಲಿ ಟಾರ್ಗೆಟ್ ಇಲ್ಲ, ಬೈಯುವವರಿಲ್ಲ, ಮಗು ಇನ್ನೊಬ್ಬರ ತೊಡೆಯ ಮೇಲಿದೆ, ತಿಂಗಳ ಕೊನೆಯ ಬಾಡಿಗೆಯ ಚಿಂತೆಯಿಲ್ಲ. ಆ ಬಿಡುವೇ ಔಷಧಿ. ಬಿಡುವನ್ನು ಕೊಡಲು ಮನಸ್ಸಿಲ್ಲದವರು ಕಡ್ಡಿ ಕೊಡುತ್ತಾರೆ.

ಕ್ರೋಶಾದ ಚರಿತ್ರೆ ನೋಡಿದರೂ ಈ ನಯವಾದ ಮಾತು ನಿಲ್ಲುವುದಿಲ್ಲ. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸು ಹೆಣೆದದ್ದು ಹೊಟ್ಟೆಗಾಗಿ. ನಮ್ಮ ನೆರೆಯ ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ತಂದ ಲೇಸಿನ ಕೆಲಸ ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಲೇಸು ಹೆಣೆಯುವವರ ಬದುಕನ್ನು ಬಿಚ್ಚಿಟ್ಟರು. ದಿನವಿಡೀ ದುಡಿದರೂ ಅವರ ಕೈಗೆ ಸಿಗುತ್ತಿದ್ದದ್ದು ಪುಡಿಗಾಸು. ಅದಕ್ಕೆ ವ್ಯಾಪಾರಿಗಳು, ಊರವರು ಕೊಡುತ್ತಿದ್ದ ಸಮಜಾಯಿಷಿ ಏನು ಗೊತ್ತೇ? ಇವರು ಗೃಹಿಣಿಯರು, ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವ ಕೆಲಸವಿದು. ಅಂದು ಬಿಡುವಿನ ಕೆಲಸ ಎಂದು ಹೇಳಿ ಕೂಲಿ ತಪ್ಪಿಸಿದರು, ಇಂದು ಮನಸ್ಸಿಗೆ ಒಳ್ಳೆಯದು ಎಂದು ಹೇಳಿ ಚಿಕಿತ್ಸೆ ತಪ್ಪಿಸುತ್ತಿದ್ದಾರೆ. ಎರಡರಲ್ಲೂ ಉಳಿತಾಯ ಆಗುವುದು ಬೇರೆಯವರ ದುಡ್ಡು.

ಹೆಂಗಸರ ಚಿಂತೆಗೆ ನಿಜವಾದ ಕಾರಣವಿದ್ದಾಗ ಏನು ಮಾಡಬೇಕೆಂದು ಆ ಗಾರ್ಮೆಂಟ್ ಹೆಂಗಸರೇ ನಮಗೆ ತೋರಿಸಿಕೊಟ್ಟಿದ್ದಾರೆ. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ಪೂರ್ತಿ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಕೂಡಿಟ್ಟ ಆ ಹಣವೇ ಅವರಿಗೆ ಮಗಳ ಮದುವೆ, ಸಾಲ, ಆಸ್ಪತ್ರೆ. ಏಪ್ರಿಲ್ ತಿಂಗಳಲ್ಲಿ ಎರಡು ದಿನ ಸಾವಿರಾರು ಹೆಂಗಸರು ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಸರ್ಕಾರ ನಿಯಮವನ್ನು ವಾಪಸು ಪಡೆಯಿತು. ಅಂದು ಅವರಿಗೆ ಯಾರಾದರೂ ಒತ್ತಡ ನಿವಾರಣೆಯ ಕ್ರೋಶಾ ಕಾರ್ಯಾಗಾರ ಏರ್ಪಡಿಸಿದ್ದರೆ?

ಕಾರ್ಯಾಗಾರ ಎಂದೊಡನೆ ಐಟಿ ಕಂಪನಿಗಳು ನೆನಪಾಗುತ್ತವೆ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಕೆಫೆಟೇರಿಯಾದಲ್ಲಿ ಬಣ್ಣದ ಉಲ್ಲನ್, ಒಬ್ಬ ತರಬೇತುದಾರಳು, ಫೋಟೋ, ಕೇಕು. ಅದೇ ದಿನ ರಾತ್ರಿ ಹನ್ನೊಂದಕ್ಕೆ ಮ್ಯಾನೇಜರನ ಮೇಲ್: ಬೆಳಿಗ್ಗೆ ಎಂಟಕ್ಕೆ ಕಾಲ್ ಇದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅನುಭವಿಸಿದವರೇ ಓದುತ್ತಿದ್ದೀರಿ.

ನಮ್ಮ ಅಜ್ಜಿಯರಿಗೆ ಆತಂಕವೇ ಇರಲಿಲ್ಲ, ಕೌದಿ ಹೊಲಿಯುತ್ತ ನೆಮ್ಮದಿಯಾಗಿದ್ದರು ಎಂಬ ಇನ್ನೊಂದು ಸುಳ್ಳು ಈ ವಾದದ ಬೆನ್ನಿಗಿದೆ. ಉತ್ತರ ಕರ್ನಾಟಕದ ಕೌದಿ ದೊಡ್ಡ ಕಲೆ, ಒಪ್ಪಿದೆ. ಹಳೆಯ ಸೀರೆ, ಧೋತರದ ಚೂರುಗಳನ್ನು ಪದರ ಪದರ ಜೋಡಿಸಿ ನಾಲ್ಕಾರು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಆ ಕೂಟದಲ್ಲಿ ಅತ್ತೆಯ ಕಾಟದಿಂದ ಹಿಡಿದು ಗಂಡನ ಕುಡಿತದವರೆಗೆ ಎಲ್ಲ ಮಾತೂ ಹೊರಬರುತ್ತಿತ್ತು. ಅಷ್ಟಾದರೂ ಅವರಿಗೆ ಆತಂಕ ಇರಲಿಲ್ಲವೇ? ಹಾಗಾದರೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಂಡವರು ಯಾರು? ಹಲ್ಲು ಕಚ್ಚಿ ಬಿದ್ದವಳ ಮೂಗಿಗೆ ಈರುಳ್ಳಿ ಹಿಡಿದದ್ದು ಏಕೆ? ಜೀವ ಧಸಕ್ ಅಂತದ ಅನ್ನುತ್ತ, ತಾಯತದ ಮೇಲೆ ತಾಯತ ಕಟ್ಟಿಸಿಕೊಂಡು, ವಯಸ್ಸು ಮೂವತ್ತಾಗುವುದರೊಳಗೆ ಮೂಲೆ ಹಿಡಿದವರು? ಅವರ ಕಾಯಿಲೆಗೆ ದವಾಖಾನೆಯ ದಾರಿ ಇರಲಿಲ್ಲ. ನಮಗೆ ಇದೆ. ಇದ್ದೂ ನಾವು ಮೊಮ್ಮಕ್ಕಳನ್ನು ಕೌದಿಯ ಕಡೆಗೇ ತಿರುಗಿಸುತ್ತಿದ್ದೇವೆ.

ದಾರಿ ಇದೆ ಎಂದೆ. ಆ ದಾರಿ ತೋರಿಸಿದ್ದೇ ಕರ್ನಾಟಕ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರ ಎಂಬ ಹಳ್ಳಿಯಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಕೆಲಸ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನು ಹಳ್ಳಿಯ ಮಟ್ಟದಲ್ಲೇ ಗುರುತಿಸಿ ಔಷಧಿ ಕೊಡಬಹುದೆಂದು ಮಾಡಿ ತೋರಿಸಿತು. ಅದೇ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಮೇಲೆ? ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗಿನ ರೋಗಿಗಳು ಚಿಕಿತ್ಸೆಯೇ ಇಲ್ಲದೆ ಉಳಿದಿದ್ದರು. ಬಳ್ಳಾರಿಯಿಂದ ಹೊರಟ ವಿಚಾರ ಊರೂರಿನ ಆರೋಗ್ಯ ಕೇಂದ್ರಕ್ಕೆ ಇನ್ನೂ ಸರಿಯಾಗಿ ತಲುಪಿಲ್ಲ, ಆಸ್ಟ್ರೇಲಿಯಾದ ಕ್ರೋಶಾ ಸಮೀಕ್ಷೆ ಮಾತ್ರ ಎಲ್ಲರ ಮೊಬೈಲಿಗೆ ತಲುಪಿದೆ.

ಕ್ರೋಶಾಕ್ಕೆ ಅಡ್ಡ ಪರಿಣಾಮವಿಲ್ಲ, ಮಾತ್ರೆ ಚಟ ಹಿಡಿಸುತ್ತದೆ ಎನ್ನುವವರಿಗೆ ಒಂದು ಮಾತು. ಆತಂಕಕ್ಕೆ ವೈದ್ಯರು ದೀರ್ಘಕಾಲ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿಗಳು ಚಟ ಹಿಡಿಸುವಂಥವಲ್ಲ. ಬಿಡುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಬಿಡಬೇಕು, ಅಷ್ಟೆ. ಚಟ ಹಿಡಿಸುವುದು ಆಲ್ಪ್ರಜೋಲಾಮ್‌ನಂಥ ಮಾತ್ರೆ. ಅದನ್ನು ನಮ್ಮ ಜನ ಡಾಕ್ಟರನ್ನು ಕಾಣದೆ, ನಿದ್ದೆ ಮಾತ್ರೆ ಕೊಡ್ರಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುತ್ತಾರೆ! ಇನ್ನು ಚಿಕಿತ್ಸೆ ಸಿಗದ ಆತಂಕಕ್ಕೆ ಅಡ್ಡ ಪರಿಣಾಮ ಇಲ್ಲವೇ? ಬಿಟ್ಟುಹೋದ ನೌಕರಿ, ಬರೆಯದ ಪರೀಕ್ಷೆ, ಮುರಿದ ಮದುವೆ, ಹೊರಗೆ ಕಾಲಿಡದ ವರ್ಷಗಳು. 2021ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 45,026 ಹೆಂಗಸರಲ್ಲಿ 23,178 ಮಂದಿ ಗೃಹಿಣಿಯರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಬರೆದಿಟ್ಟಿದೆ. ಅರ್ಧಕ್ಕೂ ಹೆಚ್ಚು. ಆ ಸಾವುಗಳಿಗೆ ಕಾರಣ ನೂರೆಂಟಿರುತ್ತವೆ. ಆದರೆ ಮನೆಯಲ್ಲೇ ಇರ್ತೀಯಲ್ಲ, ಏನಾದರೂ ಹವ್ಯಾಸ ಹಚ್ಚಿಕೋ ಎಂಬ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವರು ಈ ಗೃಹಿಣಿಯರೇ.

ನಿಮ್ಹಾನ್ಸ್‌ನಲ್ಲೂ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಬೇಕರಿಯಂಥ ಕೈಕೆಲಸ ಕಲಿಸುತ್ತಾರಲ್ಲ ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಕಲಿಸುತ್ತಾರೆ. ರೋಗ ಪತ್ತೆಯಾದ ಮೇಲೆ, ಔಷಧಿ ಶುರುವಾದ ಮೇಲೆ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಎಲ್ಲರೂ ಇರುವ ಜಾಗದಲ್ಲಿ ಕಲಿಸುತ್ತಾರೆ. ನೀವು ಆ ಎಲ್ಲವನ್ನೂ ತೆಗೆದುಹಾಕಿ ಕಡ್ಡಿಯನ್ನಷ್ಟೇ ಉಳಿಸಿಕೊಂಡಿದ್ದೀರಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೆಯ ಕಲಮು ಸರ್ಕಾರ ನಡೆಸುವ ಸೇವೆಯಿಂದ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದು ಕರೆಯುತ್ತದೆ. ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ನೋಡಬೇಕೆಂದು 21ನೆಯ ಕಲಮು ಹೇಳುತ್ತದೆ. ಆದರೆ ಆತಂಕದ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ, ವಾರಕ್ಕೊಮ್ಮೆ ಮುಕ್ಕಾಲು ತಾಸಿನ ಮಾತುಕತೆಯಲ್ಲಿ. ಹಾಸಿಗೆ ಹಿಡಿದರಷ್ಟೇ ದುಡ್ಡು ಕೊಡುವ ವಿಮೆ ಅವಳಿಗೆ ಯಾವ ಪ್ರಯೋಜನಕ್ಕೆ? ಹೊರರೋಗಿ ಚಿಕಿತ್ಸೆಗೂ ವಿಮೆ ಸಿಗಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಆ ಮಂಗಳವಾರ ಯಾವುದು ಎಂಬುದು ಪ್ರತಿ ಅಂಗನವಾಡಿಯ ಗೋಡೆಯ ಮೇಲೆ ಬರೆದಿರಬೇಕು. ಬಸುರಿ ಬಾಣಂತಿಯರ ತೂಕ ಕೇಳುವ ಆಶಾ ಕಾರ್ಯಕರ್ತೆ ನಿದ್ದೆ ಬರುತ್ತದೆಯೇ, ಎದೆ ಡವಗುಟ್ಟುತ್ತದೆಯೇ ಎಂದೂ ಕೇಳಬೇಕು, ಆ ಕೆಲಸಕ್ಕೆ ಅವಳಿಗೆ ತರಬೇತಿಯೂ ಹಣವೂ ಸಿಗಬೇಕು. ಕಂಪನಿಗಳು ಉಲ್ಲನ್ನಿನ ದುಡ್ಡನ್ನು ಉಳಿಸಿ, ರಾತ್ರಿಯ ಮೇಲ್ ನಿಲ್ಲಿಸಲಿ. ಪುರವಣಿಯ ಸಂಪಾದಕರು ಆತಂಕಕ್ಕೆ ಹತ್ತು ಹವ್ಯಾಸಗಳ ಪಟ್ಟಿಯನ್ನು ಕೈಬಿಟ್ಟು, ಆ ಜಾಗದಲ್ಲಿ ಹತ್ತಿರದ ಆಸ್ಪತ್ರೆಯ ಹೊರರೋಗಿ ವಿಭಾಗದ ವೇಳೆ ಅಚ್ಚು ಹಾಕಲಿ. ಓದುಗರಿಗೆ ಮಾದರಿ ಬೇಕೆಂದರೆ ಕ್ರೋಶಾದ ಅಂಕಣ ಬೇರೆ ಇರಲಿ, ನಾನೇ ಬರೆದುಕೊಡುತ್ತೇನೆ.

ಮನೆಯವರೇ, ನಿಮ್ಮ ಮಗಳು, ಸೊಸೆ, ಹೆಂಡತಿ ಎದೆ ನಡುಗುತ್ತದೆ ಎಂದರೆ ಉಲ್ಲನ್ ಅಂಗಡಿಗೆ ಹೋಗಬೇಡಿ. ಅವಳ ಜೊತೆ ಹೊರಟು, ಚೀಟಿ ಮಾಡಿಸಿ, ಸರದಿ ಬರುವವರೆಗೆ ಆ ಬೆಂಚಿನ ಮೇಲೆ ಕೂತಿರಿ. ಹೊರಡಲು ಅವಳಿಗೆ ಧೈರ್ಯ ಬರದಿದ್ದರೆ ಮೊದಲು ಫೋನು ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವ ಹೊತ್ತಿಗೂ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.